ಬಾವಲಿ ಉಗಿದ ಬೀಜ

"ಇವ್ನೇ ನೋಡಿ ಸಾರ್, ನಮ್ಮ ಕಳ್ಳ."

ನಾಗೇಶಗೌಡ ಈ ಮಾತು ಅಂದದ್ದು ಕಾಫಿ ಒಣಗಿಸುವ ಕಣದ ನಟ್ಟನಡುವೆ ನಿಂತು. ಬೆಳಗಿನ ಹಾಜರಿಯ ಹೊತ್ತು. ಮಳೆ ಹಿಡಿದ ಹೊಸತು. ಎಸ್ಟೇಟಿನ ಆಳುಗಳೆಲ್ಲ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ಆ ಕಳ್ಳನ ಅವ್ವ ಹುಚ್ಚಮ್ಮನೂ ಇದ್ದಳು. ಬಂದ ಅತಿಥಿಗೆ ನಮ್ಮ ಜೀಪು, ನಮ್ಮ ನಾಯಿ, ನಮ್ಮ ಪಲ್ಪರ್ ಮನೆ ಎಂದು ಒಂದೊಂದಾಗಿ ತೋರಿಸಿ ಆಗಿತ್ತು. ಈಗ ನಮ್ಮ ಕಳ್ಳ. ಗೌಡ ಬೆರಳು ಕೂಡ ತಾಗಿಸಲಿಲ್ಲ. ಬೆತ್ತದ ತುದಿಯಿಂದ ಎದೆ ಮುಟ್ಟಿ ತೋರಿಸಿದ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪ್ರಸಾದ ಮೊದಲು ನಕ್ಕ. ರೈಟರ್ ನಕ್ಕ ಮೇಲೆ ಮೇಸ್ತ್ರಿ ನಗಲೇಬೇಕು. ಮೇಸ್ತ್ರಿ ನಕ್ಕ ಮೇಲೆ ಆಳುಗಳೂ ಹಲ್ಲು ತೋರಿಸಿದರು. ಎಸ್ಟೇಟಿನಲ್ಲಿ ನಗು ಕೂಡ ಮೇಲಿನಿಂದ ಕೆಳಕ್ಕೇ ಇಳಿಯುವುದು.

ಅತಿಥಿಯ ಹೆಸರು ವಿಷ್ಣುಮೂರ್ತಿ. ಪೇಟೆಯಿಂದ ಬಂದ ಪ್ರೊಬೇಷನ್ ಆಫೀಸರ್. ರಕ್ತ ಹೀರುವ ಇಂಬಳ ಹತ್ತೀತೆಂದು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡಿದ್ದ. ಮೆತ್ತಗಿನ ದನಿಯ ಮನುಷ್ಯ.

"ಹಾಗೆಲ್ಲ ಅನ್ಬಾರ್ದು ಗೌಡ್ರೆ. ಕಾನೂನಿನ ಪ್ರಕಾರ ಅವನೀಗ ಸುಧಾರಣೆಯ ಹಾದಿಯಲ್ಲಿರೋ ವ್ಯಕ್ತಿ."

"ಆಯ್ತು ಸಾರ್, ತಪ್ಪಾಯ್ತು. ಇವನು ಸುಧಾರಿಸ್ತಾ ಇರೋ ಕಳ್ಳ."

ಈ ಸಲ ಆಫೀಸರನೂ ನಕ್ಕ.

ಕಳ್ಳನ ಹೆಸರು ನಿಂಗಯ್ಯ. ಹುಟ್ಟಿದಾಗಿನಿಂದ ಎಸ್ಟೇಟಿನಲ್ಲಿ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ನಿಂಗ, ಏಯ್ ನಿಂಗ, ಹೆಚ್ಚೆಂದರೆ ಹುಚ್ಚಿ ಮಗ. ಇಪ್ಪತ್ತೆರಡು ವರ್ಷ ಬದುಕಿದ ಮೇಲೆ ಪೂರ್ತಿ ಹೆಸರು ಹಿಡಿದು ಕರೆದದ್ದು ಕೋರ್ಟಿನ ಜವಾನ. ಆರೋಪಿ ನಿಂಗಯ್ಯಾ ಎಂದು ಮೂರು ಸಲ. ಮನುಷ್ಯನ ಹೆಸರು ಬೇಕಾದರೆ ಮೊದಲು ಆರೋಪಿಯಾಗಬೇಕು. ಇರಲಿ, ಕಥೆಯಲ್ಲಾದರೂ ಅವನು ನಿಂಗಯ್ಯನೇ ಆಗಿರಲಿ.

ಅವನು ಕದ್ದದ್ದೇನು ಎಂದು ಕೇಳಬೇಕಲ್ಲ. ಎಂಜಲು ಕದ್ದಿದ್ದ.

ಕಾಫಿ ಹಣ್ಣಾಗುವ ಕಾಲಕ್ಕೆ ತೋಟಕ್ಕೆ ಬಾವಲಿ ಬರುತ್ತವೆ. ಹಣ್ಣಿನ ಸಿಹಿ ಸಿಪ್ಪೆ ಚೀಪಿ ಬೀಜವನ್ನು ಮರದ ಬುಡಕ್ಕೆ ಉಗಿಯುತ್ತವೆ. ಆ ಬೀಜವನ್ನು ಆಳುಗಳ ಲೈನ್‌ಮನೆಯ ಹೆಂಗಸರು ಕೆಲಸ ಬಿಟ್ಟ ಮೇಲೆ ಉದುರಿದ ಎಲೆಯ ದರಗು ಕೆದಕಿ ಆರಿಸಿ, ತೊಳೆದು, ಒಣಗಿಸಿ, ಗೋಣಿಬೀಡಿನ ಅಂಗಡಿಗೆ ಹಾಕಿ ಉಪ್ಪು, ಒಣಮೀನು ತರುತ್ತಿದ್ದರು. ಇದು ಹುಚ್ಚಮ್ಮನ ಅತ್ತೆಯ ಕಾಲದಿಂದ ನಡೆದು ಬಂದದ್ದು. ಗೌಡನ ಅಪ್ಪ ಜಗಲಿ ಮೇಲೆ ಕೂತು, "ಬಾವಲಿ ಎಂಜ್ಲು ನಮಗ್ಯಾಕೆ, ತಿನ್ಲಿ ಬಿಡು" ಎಂದಿದ್ದನಂತೆ. ಎಂಜಲು ಇವರಿಗೆ ಸೇರತಕ್ಕದ್ದು ಎನ್ನುವುದರಲ್ಲಿ ಅಪ್ಪನಿಗೂ ಅನುಮಾನವಿರಲಿಲ್ಲ, ಊರಿಗೂ ಇರಲಿಲ್ಲ.

ಆಮೇಲೆ ಬ್ರೆಜಿಲ್ ಎಂಬ ದೇಶದಲ್ಲಿ ಹಿಮ ಬಿದ್ದು ಕಾಫಿ ಸುಟ್ಟುಹೋಯಿತು. ಇಲ್ಲಿ ರೇಟು ಮರ ಹತ್ತಿತು. ಬೆಳೆಗಾರರ ಮನೆಮನೆಗೆ ಹೊಸ ಕಾರು ಬಂದವು. ಆ ವರ್ಷ ಎಂಜಲು ರಾತ್ರೋರಾತ್ರಿ ಮಡಿಯಾಯಿತು. ಬಾವಲಿ ಉಗಿದ ಬೀಜಕ್ಕೂ ಒಬ್ಬ ಯಜಮಾನ ಹುಟ್ಟಿದ. ಹೀಗೆ ಕಾನೂನು ಬದಲಾಗಿದೆ ಎಂದು ಲೈನಿಗೆ ಯಾರೂ ಬಂದು ಹೇಳಲಿಲ್ಲ. ಪೊಲೀಸರೇ ಬಂದು ಹೇಳಿದರು. ಹುಚ್ಚಮ್ಮನ ಒಲೆ ಹಿಂದೆ ಒಂದು ಚೀಲ ಸಿಕ್ಕಿತು.

"ಯಾರ್ದಿದು?"

ಹುಚ್ಚಮ್ಮ ಬಾಯಿ ತೆರೆಯುವ ಮೊದಲೇ ನಿಂಗಯ್ಯ ಹೇಳಿದ. "ನಂದು."

ಅಷ್ಟೇ ಅವನ ಕಳ್ಳತನ. ಚೀಪಿದ ಬಾವಲಿಯ ಮೇಲೆ ಕೇಸು ಬೀಳಲಿಲ್ಲ. ಕೊಂಡ ಅಂಗಡಿಯವನ ಮೇಲೂ ಬೀಳಲಿಲ್ಲ.

ಕೋರ್ಟಿನಲ್ಲಿ ಒಂದು ವರ್ಷ ಅಲೆದ ಮೇಲೆ ಕಳ್ಳನೆಂದು ತೀರ್ಪಾಯಿತು. ಮ್ಯಾಜಿಸ್ಟ್ರೇಟರು ಒಳ್ಳೆಯವರು. ಮೊದಲ ತಪ್ಪು, ಚಿಕ್ಕ ವಯಸ್ಸು, ಜೈಲು ಬೇಡ ಎಂದರು. ಎರಡು ವರ್ಷ ಸನ್ನಡತೆಯಿಂದ ಇರಬೇಕು, ಪ್ರೊಬೇಷನ್ ಆಫೀಸರ್ ಉಸ್ತುವಾರಿ ನೋಡುತ್ತಾರೆ, ನಡತೆ ಕೆಟ್ಟರೆ ಕರೆದಾಗ ಬಂದು ಶಿಕ್ಷೆ ಅನುಭವಿಸಬೇಕು ಎಂದರು. "ಜಾಮೀನು ಯಾರು?" ಎಂದು ಕೇಳಿದರು.

ಜಾಮೀನಿಗೆ ಆಸ್ತಿವಂತ ಬೇಕು. ನಿಂಗಯ್ಯನ ಮನೆ ಗೌಡನದು. ಮನೆ ಕೆಳಗಿನ ನೆಲ ಗೌಡನದು. ಕುಡಿಯುವ ನೀರಿನ ನಲ್ಲಿ ಗೌಡನದು. ಅವನ ನೆಂಟರಿಷ್ಟರೆಲ್ಲ ಇನ್ನೊಬ್ಬ ಗೌಡನ ಲೈನಿನಲ್ಲಿದ್ದರು. ಕಟಕಟೆಯಲ್ಲಿ ನಿಂತು ಅವನು ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ.

ಆಗ ಹಿಂದಿನ ಬೆಂಚಿನಿಂದ ಸ್ವತಃ ನಾಗೇಶಗೌಡ ಎದ್ದ. ದೂರು ಕೊಟ್ಟವನು. "ನಾನೇ ನಿಲ್ತೀನಿ ಸ್ವಾಮಿ. ನಮ್ಮ ತೋಟದಲ್ಲೇ ಬೆಳ್ದ ಹುಡುಗ. ದಾರಿ ತಪ್ಪಿದ್ದಾನೆ, ನಾನೇ ತಿದ್ತೀನಿ."

ಕೋರ್ಟು ಕರಗಿ ನೀರಾಯಿತು. ಮಾಲು ಕಳೆದುಕೊಂಡವನೇ ಕಳ್ಳನಿಗೆ ಹೊಣೆ! ಎಂಥ ದೊಡ್ಡ ಮನಸ್ಸು! ವಿಷ್ಣುಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡ. ನಿಂಗಯ್ಯನ ಹೆಬ್ಬೆಟ್ಟನ್ನು ಯಾರೋ ಹಿಡಿದು ಒತ್ತಿಸಿದರು. ಮೂರನೇ ಕ್ಲಾಸಿನವರೆಗೆ ಓದಿದ್ದೇನೆ, ಸಹಿ ಬರುತ್ತದೆ ಎಂದು ಹೇಳಲು ಅವನಿಗೆ ಸಮಯವೇ ಸಿಗಲಿಲ್ಲ.

ಹೊರಗೆ ಬಂದ ಮೇಲೆ ವಿಷ್ಣುಮೂರ್ತಿ ಅವನನ್ನು ಮರದ ನೆರಳಿಗೆ ಕರೆದು ತಿಳಿಹೇಳಿದ. ಕುಡಿಯಬಾರದು. ಕೆಟ್ಟವರ ಸಂಗ ಮಾಡಬಾರದು. ಹೇಳಿದ ಜಾಗ ಬಿಟ್ಟು ಬೇರೆ ಕಡೆ ವಾಸ ಮಾಡಬಾರದು. ನಿಯತ್ತಾಗಿ ದುಡಿಯಬೇಕು. ತಿಂಗಳಿಗೊಂದು ಸಲ ಆಫೀಸಿಗೆ ಬಂದು ಮುಖ ತೋರಿಸಬೇಕು.

"ನಾನು ಪೊಲೀಸ್ ಅಲ್ಲ ನಿಂಗಯ್ಯ. ನಿನ್ನ ಸ್ನೇಹಿತ ಅಂತ ತಿಳ್ಕೊ. ನಿನ್ನ ಮನೆಗೆ ಬರ್ತೀನಿ, ಕಷ್ಟಸುಖ ಕೇಳ್ತೀನಿ. ಅದೇ ನನ್ನ ಕೆಲಸ."

ಸ್ನೇಹಿತ! ನಿಂಗಯ್ಯ ಆ ಮಾತು ನಂಬಿದ. ಮನೆಗೆ ಬಂದು ಅವ್ವನಿಗೂ ಹೇಳಿದ. ಹುಚ್ಚಮ್ಮ ಅಂಗನವಾಡಿಯಿಂದ ಒಂದು ಕಬ್ಬಿಣದ ಕುರ್ಚಿ ಬೇಡಿ ತಂದಳು. ನೆಲ ಸಾರಿಸಿದಳು. ಆಫೀಸರು ಕೂರುವ ಜಾಗದ ಮೇಲೆ ಹೆಂಚು ಸೋರುತ್ತಿತ್ತು, ಮಗನನ್ನು ಹತ್ತಿಸಿ ಅದನ್ನು ಸರಿ ಮಾಡಿಸಿದಳು.

ಕಣದಲ್ಲಿ 'ನಮ್ಮ ಕಳ್ಳ'ನೆಂದು ತೋರಿಸಿದ ದಿನ ನಿಂಗಯ್ಯ ಧೈರ್ಯ ಮಾಡಿ ಕೇಳಿದ. "ಸಾರ್, ಮನೆಗೆ ಬರ್ತೀನಿ ಅಂದಿದ್ರಿ. ಅವ್ವ ಕುರ್ಚಿ ತಂದಿಟ್ಟವಳೆ."

ವಿಷ್ಣುಮೂರ್ತಿ ಕೆಳಗಿನ ಲೈನಿನ ಕಡೆ ಕತ್ತು ಚಾಚಿದ. "ಅಲ್ಲಿಗೆ ಜೀಪು ಹೋಗುತ್ತಾ?"

"ಎಂಥ ಜೀಪು ಸಾರ್, ಇಂಬಳ ಹೋಗುತ್ತೆ ಅಷ್ಟೆ" ಎಂದ ಗೌಡ. "ಅಲ್ಲಿ ಎಂತ ನೋಡ್ತೀರಿ ಮಾರಾಯ್ರೆ? ಅವನ ನಡತೆ ಹೇಳೋಕೆ ನಾನಿಲ್ವಾ? ಬನ್ನಿ, ಕಾಫಿ ಆರ್ತದೆ."

ಇಬ್ಬರೂ ಜಗಲಿ ಹತ್ತಿದರು. ನಿಂಗಯ್ಯ ಅಂಗಳದಲ್ಲಿ ಉಳಿದ. ಒಳಗಿಂದ ಅಕ್ಕಿರೊಟ್ಟಿಯ ವಾಸನೆ ಬಂತು. ಅವನು ಒಂದು ಗಂಟೆ ಮಳೆಯಲ್ಲಿ ನಿಂತ ಮೇಲೆ ವಿಷ್ಣುಮೂರ್ತಿ ಜಗಲಿಯಿಂದಲೇ ಕೂಗಿದ. "ಹೀಗೇ ಇರು ನಿಂಗಯ್ಯ, ಪ್ರಗತಿ ಚೆನ್ನಾಗಿದೆ." ಉಸ್ತುವಾರಿ ಮುಗಿಯಿತು. ಗೌಡನ ಜೀಪಿನಲ್ಲೇ ಅವನು ಬಸ್ಸಿಗೆ ಹೋದ.

ಕುರ್ಚಿಯನ್ನು ಹುಚ್ಚಮ್ಮ ಅಂಗನವಾಡಿಗೆ ವಾಪಸ್ ಕೊಟ್ಟಳು.

ಜೈಲಾದರೆ ಅದಕ್ಕೊಂದು ಗೋಡೆಯಿರುತ್ತದೆ. ಈ ಸನ್ನಡತೆಗೆ ಗೋಡೆಯಿರಲಿಲ್ಲ, ಗೌಡನ ನಾಲಿಗೆಯಿತ್ತು. ಆ ನಾಲಿಗೆ ಎಷ್ಟು ಉದ್ದವೋ ಅಷ್ಟು ಹಗ್ಗ.

ಉಳಿದ ಆಳುಗಳು ಹೋಗದ ಕೆಲಸಕ್ಕೆ ನಿಂಗಯ್ಯ ಹೋಗಬೇಕು. ಹಣ್ಣು ಸುಲಿಯುವ ಪಲ್ಪರ್ ಗುಂಡಿಗೆ ಇಳಿಯಬೇಕು. ಕಾಫಿ ಹಣ್ಣಿನ ಸಿಪ್ಪೆ ಕೊಳೆತು ಹುಳ ಬಿದ್ದ ಗುಂಡಿ. ಸೊಂಟದವರೆಗೆ ನಿಂತು ಬಕೆಟ್ಟಿನಲ್ಲಿ ಎತ್ತಿ ಮೇಲೆ ಕೊಡಬೇಕು. ತೊಡೆಸಂದಿ ಸುಲಿದು ರಕ್ತ ಬರುತ್ತಿತ್ತು. ಎಷ್ಟು ಉಜ್ಜಿದರೂ ಆ ನಾತ ಹೋಗುತ್ತಿರಲಿಲ್ಲ. ಅವ್ವ ಬಡಿಸುವಾಗ ಮೂಗು ಆ ಕಡೆ ತಿರುಗಿಸಿಕೊಂಡೇ ಬಡಿಸುತ್ತಿದ್ದಳು. ಭಾನುವಾರ ಎಲ್ಲರಿಗೂ ರಜೆ, ಅವನಿಗೆ ಗೌಡನ ನಾಯಿ ತೊಳೆಯುವ ಕೆಲಸ. ಏಕೆ ಎಂದು ಕೇಳಿದರೆ ಗೌಡ ಗಟ್ಟಿಯಾಗಿ ಬೈಯುತ್ತಿರಲಿಲ್ಲ. ನಗುತ್ತಾ ಹೇಳುತ್ತಿದ್ದ. "ನಿನ್ನ ಜಾಮೀನು ನಾನು ಮಾರಾಯ. ಒಂದು ಮಾತು ಸಾಕು, ಒಳಗೆ."

ಸುಗ್ಗಿಯಲ್ಲಿ ತಿಂಗಳ ವರದಿಗೆ ಪೇಟೆಗೆ ಹೋಗಲು ರಜೆ ಕೊಡಲಿಲ್ಲ. ಆಮೇಲೆ ವಿಷ್ಣುಮೂರ್ತಿಗೆ ಫೋನು ಹೋಯಿತು. "ಅವನು ಬರ್ಲಿಲ್ವಾ? ನೋಡಿ, ಇದೇ ನೋಡಿ ಇವ್ರ ಬುದ್ಧಿ. ನೀವೇ ಇಲ್ಲಿಗೆ ಬಂದ್ಬಿಡಿ ಸಾರ್, ನಿಮಗೂ ಹವಾ ಬದಲಾಗ್ತದೆ." ಅಲ್ಲಿಂದ ಸರ್ಕಾರದ ಆಫೀಸು ಗೌಡನ ಜಗಲಿಗೇ ಬಂತು. ಉಸ್ತುವಾರಿಗೆ ಬಂದವನು ವಾಪಸ್ ಹೋಗುವಾಗ ಏಲಕ್ಕಿ, ಮೆಣಸು, ಜೇನು ಹೊತ್ತೇ ಹೋಗುತ್ತಿದ್ದ.

ಮರುವರ್ಷ ನೆರಳಿನ ಮರ ಸವರುವ ಮರಗಸಿಯ ಕಾಲಕ್ಕೆ ಸಿಲ್ವರ್ ಮರದ ಕೊಂಬೆ ಕಡಿಯಲು ಅವನನ್ನೇ ಹತ್ತಿಸಿದರು. ಜೂನಿನ ಮಳೆ. ತೊಗಟೆ ಲೋಳೆಯಾಗಿತ್ತು. ಜಾರಿದ. ಕಾಫಿ ಗಿಡದ ಮೇಲೆ ಬಿದ್ದು ಭುಜ ಕಳಚಿತು. ಮೇಸ್ತ್ರಿ ಓಡಿ ಬಂದು ಮೊದಲು ಮುರಿದ ಗಿಡ ನೋಡಿದ. ಸಂಸೆಯ ಕಡೆಯ ನಾಟಿ ವೈದ್ಯನ ಹತ್ತಿರ ಕಟ್ಟು ಹಾಕಿಸಿ ಮಲಗಿದ್ದವನನ್ನು ವಿಷ್ಣುಮೂರ್ತಿ ಜಗಲಿಗೇ ಕರೆಸಿದ.

"ಕೆಲಸಕ್ಕೆ ಬರ್ತಿಲ್ವಂತಲ್ಲ ನಿಂಗಯ್ಯ. ದುಡಿಮೆ ಅನ್ನೋದು ಸನ್ನಡತೆಯ ಮುಖ್ಯ ಭಾಗ."

"ಮರದಿಂದ ಬಿದ್ದೆ ಸಾರ್. ಕೈ ಎತ್ತಕ್ಕಾಗಲ್ಲ."

"ಎಚ್ಚರಿಕೆಯಿಂದ ಹತ್ತಬೇಕಪ್ಪ." ಇದು ಸ್ನೇಹಿತನ ಸಲಹೆ.

ಅವತ್ತೇ ನಿಂಗಯ್ಯ ಇನ್ನೊಂದು ಮಾತೂ ಕೇಳಿದ. ಬಣಕಲ್ ರಸ್ತೆ ಬದಿಯಲ್ಲಿ ಇಬ್ರಾಹಿಮಣ್ಣನ ಟೈರ್ ಅಂಗಡಿ ಇತ್ತು. ಸಂತೆಗೆ ಹೋದಾಗಲೆಲ್ಲ ಅಲ್ಲಿ ಲಾರಿ ಚಕ್ರ ಬಿಚ್ಚಲು ಕೈ ಹಾಕಿ ಅಭ್ಯಾಸವಾಗಿತ್ತು. "ಬಾರೋ, ಅಂಗಡಿ ಹಿಂದಿನ ಕೋಣೇಲೇ ಇರು, ಅವ್ವನ್ನೂ ಕರ್ಕೊಂಡ್ ಬಾ" ಎಂದು ಇಬ್ರಾಹಿಮಣ್ಣ ಎಷ್ಟೋ ಸಲ ಕರೆದಿದ್ದ. ನಿಂಗಯ್ಯನಿಗೆ ಬೇಕಾದದ್ದು ಲೋಕದಲ್ಲಿ ಅದೊಂದೇ. ಗೌಡನದಲ್ಲದ ನೆಲದ ಮೇಲೆ ಒಂದು ಕೋಣೆ.

"ವಾಸ ಬದಲಾಯಿಸೋಕೆ ಜಾಮೀನುದಾರರ ಒಪ್ಪಿಗೆ ಬೇಕಾಗುತ್ತೆ" ಎಂದ ವಿಷ್ಣುಮೂರ್ತಿ. ತಿರುಗಿ ಗೌಡನ ಮುಖ ನೋಡಿದ.

ಗೌಡ ಎಲೆಗೆ ಸುಣ್ಣ ಸವರುತ್ತಿದ್ದ. "ರಸ್ತೆ ಬದಿ, ಲಾರಿಯೋರು, ಕುಡಿತ. ಕೆಟ್ಟ ಸಂಗ ಅಲ್ವಾ ಸಾರ್?"

"ಹೌದೌದು" ಎಂದ ವಿಷ್ಣುಮೂರ್ತಿ.

ಎರಡು ವರ್ಷ ತುಂಬಲು ಇನ್ನೂ ಒಂದೂವರೆ ತಿಂಗಳಿತ್ತು. ಗೌಡ ಬೆಳೆಗಾರರ ಸಂಘದ ಅಧ್ಯಕ್ಷನಾಗಲು ಓಡಾಡುತ್ತಿದ್ದ. ಜನವರಿ ಇಪ್ಪತ್ತಾರಕ್ಕೆ ಕಣದಲ್ಲಿ ಬಾವುಟ ಹಾರಿಸಿ, ದೊಡ್ಡ ಮನುಷ್ಯರನ್ನು ಕರೆದು, ಪೇಪರಿನವರ ಎದುರು ತನ್ನ ಸಮಾಜಸೇವೆ ತೋರಿಸಬೇಕೆಂದುಕೊಂಡ. ತೋರಿಸಲು ಒಂದು ಸೇವೆ ಬೇಕಲ್ಲ. ಸುಧಾರಿಸಿದ ಕಳ್ಳನಿದ್ದ.

ಹಿಂದಿನ ದಿನ ಸಂಜೆ ರೈಟರ್ ಪ್ರಸಾದ ಹೊಸ ಅಂಗಿ ಹಿಡಿದು ಲೈನಿಗೇ ಬಂದ. ಅಲ್ಲಿಗೂ ದಾರಿ ಇತ್ತು ಎಂದಾಯಿತು.

"ಮೈಕಲ್ಲಿ ಹೇಳ್ಬೇಕು. ನಾನು ಕಳ್ಳ ಆಗಿದ್ದೆ. ಅಯ್ಯನವರು ನನ್ನನ್ನ ಮನುಷ್ಯನ್ನ ಮಾಡಿದ್ರು. ಅಷ್ಟೇ. ಎಲ್ಲಿ ಹೇಳು."

ನಿಂಗಯ್ಯ ಅಂಗಿ ಇಸಿದುಕೊಂಡು ಗೋಡೆಯ ಗೂಟಕ್ಕೆ ಹಾಕಿದ.

"ಹೇಳಿದ್ರೆ ಒಳ್ಳೆ ವರದಿ ಹೋಗುತ್ತೆ, ನೀನು ಫ್ರೀ. ಬಣಕಲ್‌ಗಾದ್ರೂ ಹೋಗು, ಬೊಂಬಾಯಿಗಾದ್ರೂ ಹೋಗು. ಹೇಳಿಲ್ಲಾಂದ್ರೆ ಗೌಡ್ರು ಜಾಮೀನು ವಾಪಸ್ ತಗೋತಾರಂತೆ. ಆಮೇಲೆ ಮುದ್ದೆ ತಿನ್ನೋಕೆ ಸರ್ಕಾರಿ ತಟ್ಟೆ."

ಅವನು ಹೋದ ಮೇಲೆ ಹುಚ್ಚಮ್ಮ ಒಲೆ ಊದುತ್ತಾ ಹೇಳಿದಳು. "ಹೇಳ್ಬಿಡು ಮಗ. ಮಾತಿಗೇನು ಮೂಳೆ ಇದ್ಯಾ? ಅಂದ್ಬಿಟ್ಟು ಬಂದ್ರಾಯ್ತು."

"ಅವ್ವ, ಆ ಚೀಲ ಯಾರ್ದು?"

ಅವಳು ಊದುವುದು ನಿಲ್ಲಿಸಿದಳು. "ನಂದು."

"ನೀನು ಕಳ್ಳಿಯಾ?"

"ನಮ್ಮತ್ತೆನೂ ಆರಿಸ್ತಿದ್ಲು ಕಣೊ" ಎಂದಳು. ಹೊಗೆಗೋ ಏನೋ ಕಣ್ಣು ಒರೆಸಿಕೊಂಡಳು. "ನಂಗೋಸ್ಕರ ಹೇಳು ಮಗ. ನೀ ಒಳಗೆ ಹೋದ್ರೆ ನಾ ಯಾರ ಮುಖ ನೋಡ್ಕೊಂಡಿರ್ಲಿ?"

ಆಯ್ತು ಎಂದ ನಿಂಗಯ್ಯ. ನಿಜವಾಗಿಯೂ ಹೇಳಲೆಂದೇ ಅವನು ಮರುದಿನ ಕಣಕ್ಕೆ ಹೋದದ್ದು. ದಾರಿಯಲ್ಲಿ ಆ ಎರಡು ವಾಕ್ಯಗಳನ್ನು ಬಾಯಲ್ಲಿ ಹೊರಳಿಸಿಕೊಂಡೇ ಹೋದ. ಬಣಕಲ್‌ನ ಕೋಣೆಯನ್ನು ನೆನೆಸಿಕೊಂಡರೆ ವಾಕ್ಯ ಸಲೀಸಾಗಿ ಬರುತ್ತಿತ್ತು.

ಕಣದ ತುಂಬ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡಿತ್ತು. ನಡುವೆ ಜಾಗ ಮಾಡಿ ಶಾಮಿಯಾನ ಹಾಕಿದ್ದರು. ಕಣಕ್ಕೆ ಆಳುಗಳು ಚಪ್ಪಲಿ ಮೆಟ್ಟಿ ಹತ್ತುವಂತಿಲ್ಲ, ಕಾಫಿ ಕೊಳೆಯಾಗುತ್ತದೆ. ಗೌಡನ ಬೂಟು, ಅವನ ನಾಯಿಯ ಕಾಲು ಹತ್ತಬಹುದು, ಅವುಗಳಿಂದ ಕೊಳೆಯಾಗುವುದಿಲ್ಲ. ನಿಂಗಯ್ಯ ಅಂಚಿನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದು ನಿಂತ. ಕುರ್ಚಿಯ ಮೇಲೆ ವಿಷ್ಣುಮೂರ್ತಿ ಕೂತಿದ್ದ. ಹುಚ್ಚಮ್ಮ ಹೆಂಗಸರ ಸಾಲಿನಲ್ಲಿದ್ದಳು.

ಒಂದು ಮೂಲೆಯಲ್ಲಿ ಚಾಪೆಯ ಮೇಲೆ ಬೇರೆ ರಾಶಿಯಿತ್ತು. ಬಣ್ಣ ಮಾಸಿದ ಬೀಜ, ಕೆಲವಕ್ಕೆ ಸಿಪ್ಪೆಯ ಚೂರು ಅಂಟಿತ್ತು. ಮುಖ್ಯ ಅತಿಥಿ ಅದೇನೆಂದು ಕೇಳಿದ.

"ಇದು ಬಾವಲಿ ಕಾಫಿ ಮಾರಾಯ್ರೆ" ಎಂದ ಗೌಡ. "ಸ್ಪೆಷಲ್. ಒಳ್ಳೆ ಹಣ್ಣು ಬಿಟ್ಟು ಬೇರೆ ಮುಟ್ಟಲ್ಲ ಆ ಮುಂಡೇವು. ಹೊರಗೆ ಭಾರಿ ಡಿಮ್ಯಾಂಡು. ನಮ್ಮ ಹೆಂಗಸ್ರೇ ಆರಿಸ್ತಾರೆ, ಕೆಲಸ ಬಿಟ್ಟ ಮೇಲೆ. ಕೂಲಿನೂ ಕೇಳಲ್ಲ ಪಾಪ, ಹಿಂದಿನಿಂದ ಬಂದ ಪದ್ಧತಿ. ಈಗ ನೀವು ಕುಡಿದದ್ದೂ ಅದೇ."

ಅತಿಥಿ ಲೋಟ ನೋಡಿ ತಲೆದೂಗಿದ. ವಿಷ್ಣುಮೂರ್ತಿಯೂ ತಲೆದೂಗಿದ. ಅವನ ಕೈಯಲ್ಲೂ ಅದೇ ಲೋಟವಿತ್ತು.

ನಿಂಗಯ್ಯ ರಾಶಿ ನೋಡಿದ. ಅವ್ವನ ಬೆರಳು ನೋಡಿದ. ದರಗು ಕೆದಕಿ ಉಗುರು ಕಪ್ಪಾಗಿತ್ತು. ಬಾಯಲ್ಲಿದ್ದ ವಾಕ್ಯ ಅಲ್ಲೇ ನಿಂತಿತು. ಆದರೂ ನುಂಗಲಿಲ್ಲ, ಹಿಡಿದುಕೊಂಡ. ಹೇಳುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟಿದ್ದ.

ಬಾವುಟ ಹಾರಿತು. ಗೌಡ ಮೈಕು ಹಿಡಿದ. ಗಾಂಧೀಜಿ ಬಂದರು, ಕರುಣೆ ಬಂತು, ಕ್ಷಮೆ ಬಂತು. "ನಮ್ಮ ತೋಟದಲ್ಲಿ ಒಬ್ಬ ಕಳ್ಳ ಇದ್ದ. ನಾನು ಅವನನ್ನ ಜೈಲಿಗೆ ಕಳಿಸ್ಲಿಲ್ಲ. ಮಗನ ಹಾಗೆ ಸಾಕಿದೆ. ಈಗ ಅವನ ಬಾಯಲ್ಲೇ ಕೇಳಿ." ಅಷ್ಟಕ್ಕೆ ನಿಲ್ಲಿಸಿದ್ದರೆ ಅವನ ಕಾರ್ಯಕ್ರಮ ಸಾಂಗವಾಗಿ ಮುಗಿಯುತ್ತಿತ್ತು. ಚಪ್ಪಾಳೆ ಬಿತ್ತು. ಚಪ್ಪಾಳೆಗೆ ಗೌಡನ ತಲೆ ತಿರುಗಿತು.

"ಮೊದ್ಲು ಹೆತ್ತವಳೇ ಹೇಳ್ಲಿ! ಬಾ ಹುಚ್ಚಿ, ಮುಂದೆ ಬಾ. ನನ್ನ ಮಗ ಕಳ್ಳ ಆಗಿದ್ದ ಅಂತ ಹೇಳು. ನಾಚ್ಕೋಬೇಡ."

ಹುಚ್ಚಮ್ಮ ಸಾಲಿನಿಂದ ಹೊರಬಂದಳು. ಕೈ ಮುಗಿದುಕೊಂಡೇ ಬಂದಳು. ಬಾವಲಿ ಬೀಜದ ರಾಶಿಯ ಪಕ್ಕದಲ್ಲೇ ಹಾದು ಬಂದಳು. ಮೈಕು ಅವಳ ಬಾಯಿಗೆ ಹಿಡಿದರು.

"ಹೌದು ಸ್ವಾಮಿ... ನನ್ ಮಗ..." ಎಂದಳು. ಮಗನ ಕಡೆ ನೋಡಿದಳು.

ನಿಂಗಯ್ಯ ಮುಂದೆ ಬಂದು ಮೈಕು ತನ್ನ ಕೈಗೆ ತೆಗೆದುಕೊಂಡ. ರೈಟರ್ ಪ್ರಸಾದನ ತುಟಿ ಆಗಲೇ ಆಡತೊಡಗಿತ್ತು, ನಾನು ಕಳ್ಳ ಆಗಿದ್ದೆ, ನಾನು ಕಳ್ಳ ಆಗಿದ್ದೆ. ಎರಡು ವಾಕ್ಯದ ಆಚೆ ಬಣಕಲ್ ಇತ್ತು. ಅವನು ಉಸಿರೆಳೆದುಕೊಂಡ. ಗೋಣಿಬೀಡಿನಿಂದ ತಂದ ಹಾರ್ನ್ ಸ್ಪೀಕರ್ ಆ ಉಸಿರನ್ನು ತೋಟದ ತುಂಬ ಊದಿತು. ಇನ್ನೊಂದು ಉಸಿರು. ಪಲ್ಪರ್ ಗುಂಡಿಯೊಳಗೆ ನಿಂತವನ ಉಸಿರು ಹಾಗೆಯೇ ಇರುತ್ತದೆ.

"ಹೇಳು ನಿಂಗಯ್ಯ" ಎಂದ ವಿಷ್ಣುಮೂರ್ತಿ, ಮೆತ್ತಗೆ. "ನಿನ್ನ ಒಳ್ಳೇದಕ್ಕೇ."

ನಿಂಗಯ್ಯ ಮೈಕನ್ನು ಬಾವಲಿ ಬೀಜದ ರಾಶಿಯ ಮೇಲೆ ಇಟ್ಟ. ಹೊಸ ಅಂಗಿ ಬಿಚ್ಚಿ ಅದರ ಪಕ್ಕಕ್ಕೆ ಹಾಕಿದ. ಕಳಚಿ ಕೂಡಿದ ಭುಜದ ಗಂಟು ಎಲ್ಲರಿಗೂ ಕಂಡಿತು. ಕಣದ ಅಂಚಿಗೆ ಹೋದ. ಚಪ್ಪಲಿ ಮೆಟ್ಟಿಕೊಂಡ. ಗೇಟಿಗೆ ಸುತ್ತು ಹಾಕಿ ಹೋಗುವ ದಾರಿಯಿತ್ತು, ಆಳುಗಳ ದಾರಿ. ಅವನು ಆ ದಾರಿ ಹಿಡಿಯಲಿಲ್ಲ. ಚಪ್ಪಲಿ ಕಾಲಲ್ಲೇ ಕಣ ಹತ್ತಿ ಪಾರ್ಚ್‌ಮೆಂಟಿನ ಮೇಲೆ ನೆಟ್ಟಗೆ ನಡೆದ. ಕಾಲ ಕೆಳಗೆ ಬೀಜ ಕರಕರ ಎಂದವು.

"ಏಯ್ ನಿಂಗ!" ಗೌಡ ಕೂಗಿದ. "ಚಪ್ಲಿ! ಎಲ್ಲಿಗೋ?"

ಪೇಪರಿನವನು ಕ್ಯಾಮೆರಾ ಎತ್ತಿದ.

"ನಿಂತ್ಕೊಳೊ ಮಾರಾಯ! ನಿನ್ನ ಜಾಮೀನು ನಾನು! ಒಂದು ಮಾತು ಹೇಳಿದ್ರೆ ಸಾಕು, ಗೊತ್ತಲ್ಲ?"

ಗೊತ್ತಿತ್ತು. ಪೊಲೀಸರು ಬರುತ್ತಾರೆ, ಕೋರ್ಟು ಕರೆಯುತ್ತದೆ, ಬಣಕಲ್‌ನ ಕೋಣೆ ಇನ್ನು ಯಾವ ಕಾಲಕ್ಕೋ. ಎಲ್ಲ ಗೊತ್ತಿದ್ದೇ ಅವನು ನಡೆಯುತ್ತಿದ್ದ. ಹಿಂದೆ ಹುಚ್ಚಮ್ಮ ಮುಗಿದ ಕೈ ಬಿಡಿಸಿದಳು. ಹೆಂಗಸರ ಸಾಲು ಬಾಯಿಗೆ ಸೆರಗು ಹಿಡಿಯಲಿಲ್ಲ, ತಲೆ ತಗ್ಗಿಸಲಿಲ್ಲ. ಗೌಡ ಅತಿಥಿಗಳ ಮುಖ ನೋಡಿದ. ಅವನ ದನಿ ಇಳಿಯಿತು.

"ನಿಂಗಯ್ಯ... ಲೋ ನಿಂಗಯ್ಯ, ಬಾರಪ್ಪ ಇಲ್ಲಿ."

ಗೌಡನ ಬಾಯಿಂದ ಆ ಹೆಸರು ಪೂರ್ತಿಯಾಗಿ ಬಂದದ್ದು ಅದೇ ಮೊದಲು. ನಿಂಗಯ್ಯನಿಗೆ ಕೇಳಿಸಿತು. ಗೇಟು ತಳ್ಳಿ ರಸ್ತೆಗಿಳಿದು ನಡೆದ.